ದಾರಿ ಮುಚ್ಚಿದರೆ ರೋಗ ನಿಲ್ಲುತ್ತದೆ

ಮಕ್ಕಳೇ, ನಿಮ್ಮ ಗೆಳೆಯನ ಕಾಲಿಗೆ ಮುಳ್ಳು ಚುಚ್ಚಿದರೆ ಆ ನೋವು ನಿಮಗೆ ಹರಡುವುದಿಲ್ಲ. ಆದರೆ ಅವನಿಗೆ ನೆಗಡಿಯಾದರೆ ನಿಮಗೂ ಬರಬಹುದು. ಏಕೆ? ನೆಗಡಿಗೆ ಕಾರಣ ಒಂದು ರೋಗಾಣು. ಬ್ಯಾಕ್ಟೀರಿಯಾ, ವೈರಸ್ ಮುಂತಾದ ರೋಗಾಣುಗಳಿಂದ ಅಥವಾ ಪರೋಪಜೀವಿ ಹುಳುಗಳಿಂದ ಉಂಟಾಗಿ ಹರಡುವ ರೋಗಗಳನ್ನು ಸಾಂಕ್ರಾಮಿಕ ರೋಗಗಳು ಎನ್ನುತ್ತೇವೆ.

ವರ್ಷಕ್ಕೆ ಎಷ್ಟು ಸಾವು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಕ್ಷಯರೋಗದಿಂದ ಸುಮಾರು 12 ಲಕ್ಷ 50 ಸಾವಿರ ಜನರು ಸತ್ತರು. ಮಲೇರಿಯಾದಿಂದ ಸತ್ತವರು ಸುಮಾರು 6 ಲಕ್ಷ. ಭೇದಿಯಿಂದ ವರ್ಷಕ್ಕೆ ಐದು ವರ್ಷದೊಳಗಿನ ಮಕ್ಕಳೇ 4 ಲಕ್ಷಕ್ಕೂ ಹೆಚ್ಚು ಸಾಯುತ್ತಾರೆ. ಅಂದರೆ ದಿನಕ್ಕೆ ಸಾವಿರಕ್ಕೂ ಹೆಚ್ಚು ಪುಟ್ಟ ಮಕ್ಕಳು!

ಈ ಸಾವುಗಳಲ್ಲಿ ಬಹುಪಾಲನ್ನು ತಡೆಯಬಹುದು. ರೋಗಾಣುವಿಗೆ ಕಾಲಿಲ್ಲ. ನೀರು, ಗಾಳಿ, ಸೊಳ್ಳೆ ಹೀಗೆ ಯಾವುದಾದರೊಂದು ದಾರಿ ಸಿಕ್ಕರೆ ಮಾತ್ರ ಅದು ನಮ್ಮನ್ನು ತಲುಪುತ್ತದೆ. ಆ ದಾರಿಯನ್ನು ತಿಳಿದು ಮುಚ್ಚುವುದೇ ರೋಗ ತಡೆಯುವ ಉಪಾಯ.

ನಾರುಹುಣ್ಣು ಮಾಯವಾದ ಬಗೆ

ನಾರುಹುಣ್ಣು ಎಂಬ ರೋಗದ ಬಗ್ಗೆ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ಕರ್ನಾಟಕವೂ ಸೇರಿದಂತೆ ನಮ್ಮ ದೇಶದ ಹಲವು ರಾಜ್ಯಗಳಲ್ಲಿ ಇದು ಇತ್ತು. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರೊಳಗಿಂದ ದಾರದಂತಹ ಹುಳು ಹೊರಬರುತ್ತಿತ್ತು. ಅದರ ಉದ್ದ ಒಂದು ಮೀಟರಿನವರೆಗೂ ಇರುತ್ತಿತ್ತು! ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕಾಗಿತ್ತು. ವಾರಗಟ್ಟಲೆ ನಡೆಯಲಾಗದೆ ಜನ ಹೊಲದ ಕೆಲಸ ಬಿಡುತ್ತಿದ್ದರು, ಮಕ್ಕಳು ಶಾಲೆ ಬಿಡುತ್ತಿದ್ದರು.

ಈ ರೋಗಕ್ಕೆ ಲಸಿಕೆ ಇರಲಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇರಲಿಲ್ಲ. ಆದರೆ ಅದರ ದಾರಿ ತಿಳಿದಿತ್ತು. ಉರಿ ತಾಳಲಾರದೆ ರೋಗಿ ಮೆಟ್ಟಿಲು ಬಾವಿಯ ನೀರಿಗೆ ಕಾಲಿಟ್ಟಾಗ ಹುಳು ಸಾವಿರಾರು ಮರಿಗಳನ್ನು ಬಿಡುತ್ತಿತ್ತು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿ ಆ ಮರಿಗಳನ್ನು ನುಂಗುತ್ತಿತ್ತು. ಆ ನೀರನ್ನು ಹಾಗೆಯೇ ಕುಡಿದವರಿಗೆ ಸುಮಾರು ಒಂದು ವರ್ಷದ ನಂತರ ರೋಗ ಕಾಣಿಸಿಕೊಳ್ಳುತ್ತಿತ್ತು.

1984ರಲ್ಲಿ ಭಾರತದಲ್ಲಿ ಸುಮಾರು 40 ಸಾವಿರ ಜನರಿಗೆ ಈ ರೋಗವಿತ್ತು. ಆರೋಗ್ಯ ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ ರೋಗಿಗಳನ್ನು ಗುರುತಿಸಿದರು. ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳಿಕೊಟ್ಟರು. ಕಾಲಿಡಲಾಗದಂತೆ ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಲಾಯಿತು, ಕೈಪಂಪುಗಳನ್ನು ಹಾಕಲಾಯಿತು. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದರು. 2000ದಲ್ಲಿ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಬಟ್ಟೆಯಲ್ಲಿ ಸೋಸಿದರೆ ಎಲ್ಲ ರೋಗಗಳೂ ನಿಲ್ಲುತ್ತವೆಯೇ? ಇಲ್ಲ. ಸೈಕ್ಲಾಪ್ಸ್ ಬಟ್ಟೆಯಲ್ಲಿ ಉಳಿಯುತ್ತದೆ. ಬ್ಯಾಕ್ಟೀರಿಯಾ ಅದಕ್ಕಿಂತ ಎಷ್ಟೋ ಚಿಕ್ಕದು, ನೂಲಿನ ಸಂದಿಯಲ್ಲಿ ನುಸುಳುತ್ತದೆ. ಅದಕ್ಕೆ ನೀರನ್ನು ಕುದಿಸಬೇಕು. ಒಂದೊಂದು ದಾರಿಗೆ ಒಂದೊಂದು ತಡೆ.

ಯಾವ ದಾರಿಗೆ ಯಾವ ತಡೆ?

* ನೀರು, ಆಹಾರ (ಕಾಲರಾ, ಟೈಫಾಯಿಡ್, ಭೇದಿ): ನೀರು ಕುದಿಸಿ ಆರಿಸಿ ಕುಡಿಯಿರಿ. ಶೌಚಾಲಯ ಬಳಸಿ. ಶೌಚದ ನಂತರ ಮತ್ತು ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ.
* ಗಾಳಿ (ಕ್ಷಯ, ದಡಾರ): ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ದಡಾರ ತಡೆಯಲು ಲಸಿಕೆ ಇದೆ.
* ಸೊಳ್ಳೆ (ಮಲೇರಿಯಾ, ಡೆಂಗಿ): ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮು ಖಾಲಿ ಮಾಡಿ ಒಳಗೋಡೆ ಉಜ್ಜಿ ತೊಳೆದು, ಒಣಗಿಸಿ, ಮತ್ತೆ ತುಂಬಿ ಮುಚ್ಚಿಡಿ. ಮಲಗುವಾಗ ಸೊಳ್ಳೆ ಪರದೆ ಕಟ್ಟಿ.
* ನಾಯಿ ಕಡಿತ (ರೇಬಿಸ್): ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಭೇದಿಯಾದಾಗ

ಭೇದಿಯಾದ ಮಗುವಿನ ದೇಹದಿಂದ ನೀರು ಮತ್ತು ಲವಣ ಹೊರಹೋಗುತ್ತವೆ. ಜೀವಕ್ಕೆ ಅಪಾಯ ಬರುವುದು ಇದರಿಂದಲೇ. "ಭೇದಿ ನಿಲ್ಲುವವರೆಗೆ ನೀರು ಕೊಡಬಾರದು" ಎಂಬುದು ತಪ್ಪು ತಿಳಿವಳಿಕೆ. ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಿರುವಷ್ಟು ಶುದ್ಧ ನೀರಿನಲ್ಲಿ ಕರಗಿಸಿ ಆಗಾಗ್ಗೆ ಕುಡಿಸಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಹೆಚ್ಚು ಉಪ್ಪು ಹಾಕಬೇಡಿ. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾಡಿ ನೋಡಿ

1. ನಿಮ್ಮ ಮನೆ ಮತ್ತು ಶಾಲೆಯ ಸುತ್ತ ನೀರು ನಿಂತ ಜಾಗಗಳನ್ನು ಪಟ್ಟಿ ಮಾಡಿ. ಎಲ್ಲಿ ಸೊಳ್ಳೆಮರಿಗಳಿವೆ? ಅವನ್ನು ಹೋಗಲಾಡಿಸುವ ಬಗೆಯನ್ನು ಶಿಕ್ಷಕರೊಂದಿಗೆ ಚರ್ಚಿಸಿ.
2. ಕುದಿಸಿದ ನೀರಿನ ಬಿಂದಿಗೆಗೆ ಕೊಳೆಕೈ ಅದ್ದಿ ಲೋಟ ತುಂಬಿಕೊಂಡರೆ ಏನಾಗುತ್ತದೆ? ರೋಗಾಣುವಿನ ಯಾವ ದಾರಿ ಮತ್ತೆ ತೆರೆಯಿತು? ಯೋಚಿಸಿ ಬರೆಯಿರಿ.