ಮಳೆ ರಜೆ ಮುಗಿದ ಬೆಳಗ್ಗೆ

ಲೈಬ್ರರಿಯ ಬೀಗ ತೆಗೆಯುವ ಮೊದಲೇ ವಾಸನೆ ಹೊರಗೆ ಬಂದಿತ್ತು. ಮಲೆನಾಡಿನವರಿಗೆ ಅದನ್ನು ವಿವರಿಸಬೇಕಿಲ್ಲ. ಆಷಾಢದಲ್ಲಿ ಒಣಗದ ಬಟ್ಟೆ, ಮೂಲೆಗಿಟ್ಟ ಚರ್ಮದ ಚಪ್ಪಲಿ, ಗೋಣಿಚೀಲ ಎಲ್ಲಕ್ಕೂ ಇರುವ ವಾಸನೆಯೇ ಅದು. ಜಿಲ್ಲಾಡಳಿತ ಕೊಟ್ಟ ಮಳೆ ರಜೆ, ನಡುವಿನ ಭಾನುವಾರಗಳು ಸೇರಿ ಕಾಲೇಜು ಒಂಬತ್ತು ದಿನ ಮುಚ್ಚಿತ್ತು. ಕರೆಂಟೂ ಇರಲಿಲ್ಲ. ತಾರಸಿಯ ನೀರು ಇಳಿಯುವ ಪೈಪಿಗೆ ತರಗೆಲೆ ಕಟ್ಟಿಕೊಂಡು ನೀರು ಪಶ್ಚಿಮದ ಗೋಡೆಗೆ ಇಂಗಿತ್ತು. ಆ ಗೋಡೆಗೆ ಆತುಕೊಂಡಿದ್ದ ಎರಡು ರ್ಯಾಕ್‌ಗಳ ತುಂಬ ಬೂಷ್ಟು.

ಅವತ್ತು ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ, ಯಾಕೆಂದರೆ ಇವತ್ತಿಗೂ ಎಷ್ಟೋ ಕಡೆ ಇದನ್ನೇ ಮಾಡುತ್ತಾರೆ. ಕಿಟಕಿಗಳನ್ನೆಲ್ಲ ತೆರೆದೆ. ಕರೆಂಟು ಬಂದ ಕೂಡಲೇ ಫ್ಯಾನುಗಳನ್ನು ಜೋರಾಗಿ ಹಾಕಿದೆ. ಬಕೆಟ್ ನೀರಿಗೆ ಡೆಟಾಲ್ ಬೆರೆಸಿದೆ. ನಾನೂ ನಮ್ಮ ಅಟೆಂಡರ್ ಅಕ್ಕನೂ ಮೂಗಿಗೆ ಸೆರಗು ಕಟ್ಟಿಕೊಂಡು ಒಂದೊಂದೇ ಪುಸ್ತಕ ಒರೆಸತೊಡಗಿದೆವು. ಧೂಳು ಹೆಚ್ಚಿದ್ದವನ್ನು ಜಗುಲಿಯಲ್ಲಿ ಒಂದಕ್ಕೊಂದು ಬಡಿದು ಕೊಡವಿದೆವು.

ಮಧ್ಯಾಹ್ನದ ಹೊತ್ತಿಗೆ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತರು. "ಮೇಡಂ, ಎದೆ ಹಿಡಿದಂಗೆ ಆಗ್ತಿದೆ" ಎಂದರು. ಅವರಿಗೆ ಉಬ್ಬಸವಿದೆ ಎಂಬುದು ನನಗೆ ಗೊತ್ತಿತ್ತು. ಚಳಿಗಾಲದಲ್ಲಿ ಅವರು ಇನ್‌ಹೇಲರ್ ಎಳೆಯುವುದನ್ನು ಕಂಡಿದ್ದೆ. ಆದರೂ ಅವತ್ತು ಬೆಳಗ್ಗೆ ಅದು ನನ್ನ ತಲೆಗೇ ಬರಲಿಲ್ಲ; ಕಣ್ಣಿಗೆ ಕಂಡದ್ದು ಪುಸ್ತಕ ಮಾತ್ರ. ರಾತ್ರಿ ಅವರನ್ನು ಆಸ್ಪತ್ರೆಗೆ ಸೇರಿಸಿ ನೆಬುಲೈಸರ್ ಹಾಕಬೇಕಾಯಿತು. ಎಂಟು ದಿನದ ಮೇಲೆ ಕೆಲಸಕ್ಕೆ ಬಂದರು. ನನಗೆ ಮೂರು ವಾರ ಒಣಕೆಮ್ಮು. ಇಪ್ಪತ್ತೇಳು ವರ್ಷದ ಕೆಲಸದಲ್ಲಿ ನನ್ನಿಂದಾದ ತಪ್ಪುಗಳಲ್ಲಿ ಇದರಷ್ಟು ಭಾರವಾದದ್ದು ಇನ್ನೊಂದಿಲ್ಲ.

ಪುಸ್ತಕಗಳಾದರೂ ಉಳಿದವೇ? ರೈಸ್ ಸಾಹೇಬರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗ ಸಂಪುಟವೊಂದಕ್ಕೆ ನಮ್ಮಲ್ಲಿ ಕ್ಯಾಲಿಕೋ ಬಟ್ಟೆಯ ಬೈಂಡಿಂಗ್ ಮಾಡಿಸಿದ್ದರು. ಅದರ ಬೆನ್ನ ಮೇಲೆ ಬೂದಿ ಬಣ್ಣದ ನವಿರು ತುಪ್ಪಳದಂತೆ ಕೂತಿದ್ದ ಬೂಷ್ಟು ಒದ್ದೆ ಬಟ್ಟೆ ತಾಗಿದ್ದೇ ಹಸಿರು ಲೋಳೆಯಾಯಿತು, ಉಜ್ಜಿದಷ್ಟೂ ನೇಯ್ಗೆಯ ಸಂದಿಗೆ ಇಳಿಯಿತು. ಆ ಕಲೆ ಇವತ್ತಿಗೂ ಹಾಗೇ ಇದೆ. ನಾಲ್ಕೈದು ದಿನ ಕಳೆದ ಮೇಲೆ, ಒಂದು ಹನಿಯೂ ಬೀಳದ ಪೂರ್ವದ ಗೋಡೆಯ ರ್ಯಾಕ್‌ನಲ್ಲೂ ಚುಕ್ಕೆಗಳು ಮೂಡಿದವು. ಬೂಷ್ಟಿನ ಬೀಜಕಣಗಳು ಎಲ್ಲ ಕಡೆಯ ಗಾಳಿಯಲ್ಲೂ ಇದ್ದೇ ಇರುತ್ತವೆ. ನನ್ನ ಫ್ಯಾನುಗಳು ಅವನ್ನು ರಾಶಿರಾಶಿಯಾಗಿ ಕೋಣೆಯ ತುಂಬ ಬಿತ್ತಿದ್ದವು.

ಮುಂದಿನ ವರ್ಷ ಹಸ್ತಪ್ರತಿ ಸಂರಕ್ಷಣೆಯ ಕಾರ್ಯಾಗಾರವೊಂದಕ್ಕೆ ಹೋದಾಗ ಹಿರಿಯ ಸಂರಕ್ಷಕರೊಬ್ಬರಿಗೆ ಇದೆಲ್ಲ ಹೇಳಿ, ಯಾವ ಔಷಧಿ ಹಾಕಬೇಕು ಸರ್ ಎಂದು ಕೇಳಿದೆ. "ಔಷಧಿ ಆಮೇಲೆ ಆಯ್ತಮ್ಮ. ನೀರು ಎಲ್ಲಿಂದ ಬಂತು, ಅದನ್ನ ಹೇಳಿ" ಎಂದರು.

ಅವರು ಹಿಡಿದ ದಾರಿ ಸರಿ. ಗಾಳಿಯ ತೇವಾಂಶ ಶೇ 65-70 ದಾಟಿ ಅಲ್ಲೇ ನಿಂತರೆ ಬೀಜಕಣಗಳು ಮೊಳೆಯುತ್ತವೆ. ಪುಸ್ತಕ ನೇರವಾಗಿ ನೆನೆದರಂತೂ 48 ಗಂಟೆ ಸಾಕು. ತಿನ್ನಲು ಬೇಕಾದದ್ದೆಲ್ಲ ಪುಸ್ತಕದಲ್ಲೇ ಇದೆ: ಬೈಂಡಿಂಗಿನ ಮೈದಾ ಅಂಟು, ಕ್ಯಾಲಿಕೋ ಬಟ್ಟೆಯ ಗಂಜಿ, ಕಾಗದ. ನಮ್ಮೂರಿನ ಹಳೇ ಬೈಂಡರ್ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕುತ್ತಿದ್ದುದು ಇದೇ ಕಾರಣಕ್ಕೆ.

ಊರಿಗೆ ಬಂದವಳೇ ಒಂದು ಹೈಗ್ರೋಮೀಟರ್ ತಂದೆ. ಮಳೆಗಾಲದಲ್ಲಿ ಕೋಣೆಯ ನಡುವೆ 74 ತೋರಿಸುತ್ತಿದ್ದ ಅದೇ ಮೀಟರು ಪಶ್ಚಿಮದ ರ್ಯಾಕ್‌ನ ಹಿಂದೆ ಗೋಡೆಯ ಪಕ್ಕ ಇಟ್ಟಾಗ 88ಕ್ಕೆ ಏರಿತು. ಒಂದೇ ಕೋಣೆಯಲ್ಲಿ ಎರಡು ಹವೆ! ಜಡಿಮಳೆಯಲ್ಲಿ ಕಿಟಕಿಯ ಹೊರಗೆ ಹಿಡಿದರೆ 95. ಗಾಳಿಯಾಡಲಿ ಎಂದು ನಾನು ಅಷ್ಟು ವರ್ಷ ಕಿಟಕಿ ತೆರೆದು ಒಳಗೆ ಕರೆದುಕೊಂಡದ್ದು ಆ ತೇವವನ್ನೇ. ಈಗ ಹೊಳವಾದ ದಿನ, ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿದೆ ಎಂದು ನೋಡಿಕೊಂಡೇ ಕಿಟಕಿ ತೆರೆಯುತ್ತೇವೆ. ರ್ಯಾಕ್‌ಗಳನ್ನು ಗೋಡೆಯಿಂದ ಗೇಣುದ್ದ ಈಚೆಗೆ ಎಳೆದಿದ್ದೇವೆ. ಪುಸ್ತಕಗಳನ್ನು ಒತ್ತೊತ್ತಾಗಿ ತುರುಕುವುದಿಲ್ಲ. ಬೂಷ್ಟು ಇಲ್ಲದಾಗ ಫ್ಯಾನು ತಿರುಗುತ್ತಿರಲಿ, ಒಳ್ಳೆಯದೇ. ಬೂಷ್ಟು ಕಂಡ ಮೇಲೆ ಮೊದಲು ಆರಿಸಬೇಕಾದ ಸ್ವಿಚ್ಚೇ ಅದು.

ಔಷಧಿಯ ಮಾತಿಗೆ ಬಂದರೆ, ನಮ್ಮ ಸ್ಟೋರ್ ರೂಮಿನಲ್ಲಿ ಹಳೆಯ ಫ್ಯೂಮಿಗೇಷನ್ ಪೆಟ್ಟಿಗೆಯೊಂದಿತ್ತು. ತಟ್ಟೆಯಲ್ಲಿ ಥೈಮಾಲ್ ಹರಳು, ಕೆಳಗೆ 40 ವಾಟಿನ ಬಲ್ಬು, ಮೇಲಿನ ತಂತಿ ಜಾಲರಿಯಲ್ಲಿ ಬಿಚ್ಚಿಟ್ಟ ಪುಸ್ತಕ. ಓಮಕಾಳಿನ ಘಾಟು ಕಾರಿಡಾರ್ ತನಕ ಬರುತ್ತಿತ್ತು. ನಮ್ಮ ದೇಶದ ಎಷ್ಟೋ ಗ್ರಂಥಾಲಯಗಳು ದಶಕಗಳ ಕಾಲ ಇದನ್ನೇ ನಂಬಿದ್ದವು. ಆ ಹೊಗೆ ಮನುಷ್ಯರಿಗೆ ಒಳ್ಳೆಯದಲ್ಲ, ಪುಸ್ತಕಕ್ಕೂ ಮುಂದಿನ ಮಳೆಗಾಲಕ್ಕೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಇನ್ನು ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಅದಕ್ಕಿಂತ ಮುಖ್ಯವಾದದ್ದು, ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಕೊಂದು ಅಲ್ಲೇ ಬಿಟ್ಟರೆ ಪುಸ್ತಕ ತೆರೆದವರ ಮೂಗಿಗೆ ಹೋಗುವುದೇ.

ಹಾಗಾಗಿ ಈಗ ಕೆಲಸ ಶುರುವಾಗುವುದು ಮನುಷ್ಯರಿಂದ. ಉಬ್ಬಸ, ಅಲರ್ಜಿ ಇರುವವರು, ಸಕ್ಕರೆ ಕಾಯಿಲೆಯವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು ಆ ಕೋಣೆಗೇ ಬರಕೂಡದು. ಉಳಿದವರಿಗೆ ಮುಖಕ್ಕೆ ಸರಿಯಾಗಿ ಕೂತ ಎನ್-95 ಮಾಸ್ಕ್, ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮೈಗೆ ಏಪ್ರನ್. ಸೆರಗು, ಕರ್ಚೀಫು, ತೆಳ್ಳನೆಯ ಸರ್ಜಿಕಲ್ ಮಾಸ್ಕ್ ಸಾಲದು.

ಆಮೇಲೆ ಪುಸ್ತಕ. ಬೂಷ್ಟಿನ ಮೇಲೆ ಮೆತ್ತನೆಯ ಬ್ರಷ್ಷಿನ ತುದಿ ಆಡಿಸಿ ನೋಡಬೇಕು. ಅಂಟಿಕೊಂಡು ಮೆತ್ತಿದರೆ ಅದಿನ್ನೂ ಬೆಳೆಯುತ್ತಿದೆ, ಮುಟ್ಟಬಾರದು. ಬೇರೆ ಕೋಣೆಯಲ್ಲಿಟ್ಟು ಒಣಗಿಸಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಸಾಗಿಸಬಹುದು, ಅದರಲ್ಲೇ ಬಿಟ್ಟರೆ ಇನ್ನೂ ಸೊಂಪಾಗಿ ಬೆಳೆಯುತ್ತದೆ. ಸುಡುಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ, ರಟ್ಟು ಸೊಟ್ಟಗಾಗುತ್ತದೆ. ಬ್ರಷ್ಷಿಗೆ ಪುಡಿಯಾಗಿ ಉದುರಿದರೆ ಮಾತ್ರ ತೆಗೆಯುವ ಹೊತ್ತು ಬಂತೆಂದು ಅರ್ಥ. ಆಗಲೂ ಪುಸ್ತಕ ತೆರೆಯಬಾರದು. ಎಡಗೈಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದು ಬೆನ್ನು, ರಟ್ಟು, ಹಾಳೆಗಳ ಅಂಚು ಎಲ್ಲವನ್ನೂ ನಮ್ಮಿಂದ ಆಚೆಗೆ ಗುಡಿಸಿ, ಆಮೇಲೆ ಹಾಳೆ ಬಿಡಿಸಬೇಕು. ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಇದ್ದರೆ ಉತ್ತಮ. ಮನೆಯ ಮಾಮೂಲಿ ವ್ಯಾಕ್ಯೂಮ್ ಮುಂದಿನಿಂದ ಎಳೆದ ಕಣಗಳನ್ನು ಹಿಂದಿನಿಂದ ಕೋಣೆಗೇ ಉಗುಳುತ್ತದೆ. ನಾವು ಈ ಕೆಲಸವನ್ನು ಹಿಂದಿನ ಜಗುಲಿಯಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡುತ್ತೇವೆ. ಉಟ್ಟ ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆ ಹಾಕದೆ ಬೇರೆಯೇ ಒಗೆಯುತ್ತೇವೆ.

ಎರಡು ವರ್ಷದ ಹಿಂದೆ ಮತ್ತೊಮ್ಮೆ ತಾರಸಿ ಸೋರಿ ಕಾಲೇಜಿನ ಹಳೇ ಕೈಬರಹದ ಪತ್ರಿಕೆಗಳು ತೊಯ್ದವು, ಒಟ್ಟು ಹನ್ನೊಂದು ಸಂಪುಟ. ಒಣಗಿಸಲು ಬೇಕಾದಷ್ಟು ಜಾಗವೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಐಸ್‌ಕ್ರೀಮ್ ಅಂಗಡಿಯವರು ಒಂದು ಡೀಪ್ ಫ್ರೀಜರ್ ಖಾಲಿ ಮಾಡಿಕೊಟ್ಟರು. ಮಳೆಗಾಲದಲ್ಲಿ ಐಸ್‌ಕ್ರೀಮ್ ಯಾರು ತಿಂತಾರೆ ಮೇಡಂ, ಇಟ್ಕೊಳ್ಳಿ ಎಂದರು. ಒಂದೊಂದನ್ನೂ ಕವರಿನಲ್ಲಿ ಸುತ್ತಿ ಅವತ್ತು ಸಂಜೆಯೇ ಇಟ್ಟೆವು. ಶೀತಕ್ಕೆ ಬೂಷ್ಟು ಸಾಯುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ನಮಗೆ ಬೇಕಾದದ್ದು ಆ ಬಿಡುವೇ. ವಾರಕ್ಕೆ ಎರಡರಂತೆ ಹೊರತೆಗೆದು, ಹಾಳೆಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು, ದಿನಕ್ಕೆ ಮೂರು ಸಲ ಅದನ್ನು ಬದಲಿಸಿ ಹನ್ನೊಂದನ್ನೂ ಉಳಿಸಿಕೊಂಡೆವು. ಇಂಕು ಅಲ್ಲಲ್ಲಿ ಹರಡಿದೆ, ಓದಲು ಬರುತ್ತದೆ.

ಅಟೆಂಡರ್ ಅಕ್ಕ ನಿವೃತ್ತರಾಗಿದ್ದಾರೆ. ಅವರ ಜಾಗಕ್ಕೆ ಗುತ್ತಿಗೆಯಲ್ಲಿ ಬಂದ ಹುಡುಗಿಗೆ ಮೊದಲ ದಿನವೇ ಕೇಳಿದ್ದು, ಉಬ್ಬಸ, ಅಲರ್ಜಿ ಏನಾದರೂ ಇದೆಯೇನಮ್ಮ ಎಂದು. ಕಾಲೇಜು, ಮಠ, ಪಂಚಾಯಿತಿ, ಯಾರ ಲೈಬ್ರರಿಯೇ ಇರಲಿ, ನೋಡಿಕೊಳ್ಳುವವರಲ್ಲಿ ನನ್ನ ಬೇಡಿಕೆ ಇಷ್ಟು: ಮೃಗಶಿರಾ ಮಳೆ ಹಿಡಿಯುವ ಮೊದಲು ಒಮ್ಮೆ ತಾರಸಿ ಹತ್ತಿ ನೀರಿನ ಪೈಪಿನ ಎಲೆ ತೆಗೆಸಿ. ಬೂಷ್ಟು ಬಂದೇ ಬಿಟ್ಟರೆ, ಒಳ್ಳೆಯ ಮಾಸ್ಕ್ ಕೈಗೆ ಕೊಡದೆ ಯಾರಿಗೂ ಆ ಪುಸ್ತಕ ಒರೆಸಲು ಹೇಳಬೇಡಿ.