ದಡಾರಕ್ಕೆ ಎರಡು ಚುಚ್ಚುಮದ್ದು: ಹೊತ್ತು ಮೀರದಿರಲಿ



ಕೊಳೆರೋಗ ಬಂದ ಮೇಲೆ ಮದ್ದು ಹೊಡೆದರೆ ಉದುರಿದ ಅಡಿಕೆ ಮತ್ತೆ ಗೊನೆ ಸೇರುವುದಿಲ್ಲ. ಆದ್ದರಿಂದಲೇ ನಾವು ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಮಕ್ಕಳಿಗೆ ಬರುವ ದಡಾರದ ವಿಷಯದಲ್ಲಿಯೂ ಇದೇ ಮುಂದಾಲೋಚನೆ ಬೇಕು.

ದಡಾರ ಗಾಳಿಯಲ್ಲಿ ಹರಡುವ ರೋಗ. ರೋಗಿ ಎದ್ದುಹೋದ ಕೋಣೆಯಲ್ಲಿ ಎರಡು ಗಂಟೆಯವರೆಗೂ ರೋಗಾಣು ಉಳಿಯಬಲ್ಲದು. ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು. ಕೆಲವು ದಿನಗಳ ಬಳಿಕ ಮುಖದಿಂದ ಆರಂಭವಾಗಿ ಮೈಯೆಲ್ಲ ಕೆಂಪು ದದ್ದು. ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲೇ ಮಗುವಿನಿಂದ ರೋಗ ಹರಡತೊಡಗುತ್ತದೆ. ಹೀಗಾಗಿ ದದ್ದು ಕಂಡ ಮೇಲೆ ಮಗುವನ್ನು ಬೇರೆ ಮಲಗಿಸಿದರಷ್ಟೇ ಸಾಲದು.

"ಅಮ್ಮ ಬಂದಿದ್ದಾಳೆ, ತಾನಾಗಿ ಇಳಿಯುತ್ತದೆ" ಎಂದು ಕಾಯುವ ಮನೆಗಳು ಇನ್ನೂ ಇವೆ. ಪೂಜೆ ನಡೆಯಲಿ, ಆದರೆ ಆಸ್ಪತ್ರೆಗೆ ಹೋಗುವುದು ತಡವಾಗದಿರಲಿ. ದಡಾರದ ಬೆನ್ನಿಗೆ ನ್ಯುಮೋನಿಯ, ಭೇದಿ, ಕಿವಿ ಸೋರುವಿಕೆ, ಮೆದುಳಿನ ಬಾವು ಬರಬಹುದು. ಎ ಜೀವಸತ್ವದ ಕೊರತೆಯಿರುವ ಮಗುವಿನ ಕಣ್ಣೇ ಹೋಗಬಹುದು. ಆಸ್ಪತ್ರೆಯಲ್ಲಿ ಎ ಜೀವಸತ್ವ ಕೊಡುತ್ತಾರೆ. ಎದೆಹಾಲು, ಗಂಜಿ, ನೀರು ನಿಲ್ಲಿಸಬಾರದು.

ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರದ ಲಸಿಕೆ 1985ರಲ್ಲಿ ಸೇರಿತು. ಕರ್ನಾಟಕದಲ್ಲಿ 2017ರಿಂದ ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಒಂದೇ ಚುಚ್ಚುಮದ್ದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ.

ಮೊದಲನೆಯದು: 9 ತಿಂಗಳು ತುಂಬಿದ ಮೇಲೆ, 12 ತಿಂಗಳೊಳಗೆ.
ಎರಡನೆಯದು: 16ರಿಂದ 24 ತಿಂಗಳೊಳಗೆ.

ಒಂದು ಸಾಲದೇ ಎಂದು ಕೇಳುವವರುಂಟು. ಒಂಬತ್ತು ತಿಂಗಳಲ್ಲಿ ಹಾಕಿದ ಮೊದಲ ಚುಚ್ಚುಮದ್ದಿನಿಂದ ನೂರರಲ್ಲಿ ಸುಮಾರು 85 ಮಕ್ಕಳಿಗಷ್ಟೇ ರೋಗನಿರೋಧಕ ಶಕ್ತಿ ಬರುತ್ತದೆ. ಬಾರದವರು ಯಾರೆಂದು ನೋಡಿ ಹೇಳಲಾಗದು. ಆದ್ದರಿಂದ ಎಲ್ಲರಿಗೂ ಎರಡು. ವಾರದ ಬಳಿಕ ಸ್ವಲ್ಪ ಜ್ವರ, ಸಣ್ಣ ದದ್ದು ಕಂಡರೆ ಗಾಬರಿ ಬೇಡ. ಹೊತ್ತು ಮೀರಿದ್ದರೂ ಕೈಬಿಡದೆ, ಐದು ವರ್ಷದೊಳಗಿನ ಮಗುವನ್ನು ಕೂಡಲೇ ಕರೆದೊಯ್ಯಿರಿ.

ಕಾಫಿ ಕೊಯ್ಲಿಗೆ ಹೊರಗಿನಿಂದ ಬರುವ ಕುಟುಂಬಗಳ ಮಕ್ಕಳು ಎರಡೂ ಊರಿನ ಪಟ್ಟಿಯಿಂದ ಬಿಟ್ಟುಹೋಗುವುದುಂಟು. ಅವರು ಬಂದ ವಾರದಲ್ಲಿಯೇ ಮಕ್ಕಳ ತಾಯಿ ಕಾರ್ಡು ನೋಡಿ ಆಶಾ ಕಾರ್ಯಕರ್ತೆಗೆ ತಿಳಿಸೋಣ. ಲಸಿಕೆಯ ದಿನ ಕೂಲಿ ಕಡಿಯದೆ ತಾಯಿಗೆ ಅರ್ಧ ದಿನ ಬಿಡುವು ಕೊಡೋಣ. ಊರಿನ ನೂರು ಮಕ್ಕಳಲ್ಲಿ 95 ಮಂದಿಗಾದರೂ ಎರಡೂ ಚುಚ್ಚುಮದ್ದು ಆಗಿದ್ದರೆ ಮಾತ್ರ, ಲಸಿಕೆಯ ವಯಸ್ಸಾಗದ ತೊಟ್ಟಿಲ ಕೂಸಿಗೂ ರಕ್ಷಣೆ.

ಪಕ್ಕದ ತೋಟದ ಕೊಳೆ ನಮ್ಮ ಬೇಲಿ ನೋಡಿ ನಿಲ್ಲುವುದಿಲ್ಲ, ದಡಾರವೂ ಹಾಗೆಯೇ.