ದೂರದ ಊರಿನ ಮಗು, ಕಣ್ಣಿನ ಕ್ಯಾನ್ಸರ್

ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಸಮಾಜ ಕಾರ್ಯಕರ್ತೆಯಾಗಿ ನಾನು ಹೆಚ್ಚು ಒಡನಾಡಿರುವುದು ರೆಟಿನೋಬ್ಲಾಸ್ಟೋಮಾ ಬಂದ ಮಕ್ಕಳ ಮನೆಯವರೊಂದಿಗೆ. ಹೆಚ್ಚಾಗಿ ಐದು ವರ್ಷದೊಳಗಿನವರ ಅಕ್ಷಿಪಟಲದಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್ ಇದು. 149 ದೇಶಗಳ ಮಕ್ಕಳನ್ನು ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ವರ್ಷಗಳ ಬಳಿಕ ಬದುಕಿದ್ದವರು ಶ್ರೀಮಂತ ದೇಶಗಳಲ್ಲಿ ಶೇ 99ಕ್ಕೂ ಹೆಚ್ಚು, ಕಡುಬಡ ದೇಶಗಳಲ್ಲಿ ಸುಮಾರು ಶೇ 57. ಭಾರತದಂಥ ದೇಶಗಳ ಗುಂಪಿನಲ್ಲಿ ಸುಮಾರು ಶೇ 80. ಗಡ್ಡೆ ಎಲ್ಲ ಕಡೆಯೂ ಅದೇ. ಈ ಅಂತರ ಎಲ್ಲಿ ಹುಟ್ಟುತ್ತದೆ ಎಂಬುದನ್ನು ದಿನವೂ ನೋಡುತ್ತೇನೆ.

1. ತಾಯಿ ಎಲ್ಲರಿಗಿಂತ ಮೊದಲು ಕಂಡಿರುತ್ತಾಳೆ. 'ತೊಟ್ಲದಾಗ ಇದ್ದಾಗನ ಬೆಕ್ಕಿನ ಕಣ್ಣಿನಂಗ ಹೊಳಿತಿತ್ರಿ ಅಕ್ಕಾರ' ಅನ್ನುವ ಮಾತು ಎಷ್ಟೋ ಸಲ ಕೇಳಿದ್ದೇನೆ. ಮೆಳ್ಳೆಗಣ್ಣು ಅದೃಷ್ಟ ಎಂದು ಹಿರಿಯರು ಅನ್ನುತ್ತಾರೆ, ಹತ್ತಿರದ ಕ್ಲಿನಿಕ್ಕಿನಲ್ಲಿ ಕಣ್ಣಿಗೆ ಹನಿ ಔಷಧಿ ಕೊಟ್ಟು ಕಳಿಸುತ್ತಾರೆ. ಶ್ರೀಮಂತ ದೇಶಗಳಲ್ಲಿ ಸುಮಾರು 14ನೇ ತಿಂಗಳಿಗೆ ಪತ್ತೆಯಾಗುವ ಕಾಯಿಲೆ ಕಡುಬಡ ದೇಶಗಳಲ್ಲಿ 30 ತಿಂಗಳು ದಾಟುತ್ತದೆ. ಇದಕ್ಕೆ ಹೆತ್ತವರ ಅಸಡ್ಡೆ ಕಾರಣ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

2. ಔಷಧಿಯ ಖರ್ಚಿಗಿಂತ ದಾರಿಯ ಖರ್ಚು ಮುರಿಯುತ್ತದೆ. ಕೀಮೋಥೆರಪಿ ಮೂರು ನಾಲ್ಕು ವಾರಕ್ಕೊಮ್ಮೆ, ಸಾಮಾನ್ಯವಾಗಿ ಆರು ಸಲ. ಆಮೇಲೂ ಅರಿವಳಿಕೆ ಕೊಟ್ಟು ಕಣ್ಣು ನೋಡುವ ತಪಾಸಣೆ ವರ್ಷಗಟ್ಟಲೆ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ತಪ್ಪಿದ ಕೂಲಿಯನ್ನು, ಊರಲ್ಲಿ ಬಿಟ್ಟು ಬಂದ ಮಕ್ಕಳ ಊಟವನ್ನು ಅದು ತುಂಬಿಕೊಡುವುದಿಲ್ಲ. ಹಾಗಾಗಿ ರೈಲು ರಿಯಾಯಿತಿಯ ಪ್ರಮಾಣಪತ್ರ, ಧರ್ಮಶಾಲೆಯ ಚೀಟಿ ಎರಡನ್ನೂ ಮೊದಲ ದಿನವೇ ಕೈಗಿಡುತ್ತೇನೆ. ಸ್ಲೀಪರಿನಲ್ಲಿ ರೋಗಿಗೆ ಟಿಕೆಟ್ ಪೂರ್ತಿ ಉಚಿತ, ಜೊತೆಗಾರರಿಗೆ ಕಾಲುಭಾಗ ದರ. ಇದು ಗೊತ್ತಿಲ್ಲದೆ ಸಾಲ ಮಾಡಿ ಬಂದವರಿದ್ದಾರೆ.

3. ವಿಳಾಸ ಕೇಳುವಾಗ ಎರಡು ಕೇಳಬೇಕು. ಗುಳೆ ಬಂದವರ ಕಾರ್ಡು ರಾಯಚೂರಿನದು, ಮನೆ ಬೆಂಗಳೂರಿನ ಕಟ್ಟಡದ ಶೆಡ್ಡು. ಕೆಲಸ ಮುಗಿದರೆ ಶೆಡ್ಡೂ ಬದಲು, ಫೋನ್ ನಂಬರೂ ಬದಲು. ಊರಿನ ಆಶಾ ಕಾರ್ಯಕರ್ತೆಯ ನಂಬರು ಬರೆದುಕೊಂಡಿದ್ದರೆ ಮಗು ಮತ್ತೆ ಸಿಗುತ್ತದೆ.

4. 'ಕಣ್ಣು ತೆಗೆಯಬೇಕು' ಎಂಬ ಮಾತಿಗೆ ಎಷ್ಟೋ ಮನೆಯವರು ಹೇಳದೆ ಹೊರಟುಬಿಡುತ್ತಾರೆ. ಹೆಣ್ಣುಮಗುವಾದರೆ ಇನ್ನೂ ಕಷ್ಟ: 'ನಾಳೆ ಯಾರ್ ಮದಿವಿ ಆಗ್ತಾರ್ರೀ?' ಗಡ್ಡೆ ಕಣ್ಣಿನೊಳಗೇ ಇರುವಾಗ ತೆಗೆದರೆ ಬಹುಪಾಲು ಮಕ್ಕಳು ಉಳಿಯುತ್ತಾರೆ. ಬಿಟ್ಟರೆ ಅದು ಕಣ್ಣಿನ ನರ ಹಿಡಿದು ಮಿದುಳಿಗೆ ಹೋಗಬಹುದು. ಇದನ್ನು ವಿವರಿಸಿ ಒಪ್ಪಿಸುವುದಕ್ಕಿಂತ, ಕೃತಕ ಕಣ್ಣು ಹಾಕಿಸಿಕೊಂಡು ಶಾಲೆಗೆ ಹೋಗುತ್ತಿರುವ ಮಗುವಿನ ತಾಯಿಯನ್ನು ಅವರ ಪಕ್ಕ ಕೂರಿಸಿದರೆ ಕೆಲಸ ಬೇಗ ಆಗುತ್ತದೆ. ಅವರಿಬ್ಬರೂ ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳಲಿ, ನಾನು ಎದ್ದು ಹೋಗುತ್ತೇನೆ. ಇನ್ನೊಂದು: ನಿರ್ಧಾರ ಮಾಡುವವರು ಹಲವು ಬಾರಿ ವಾರ್ಡಿನಲ್ಲೇ ಇರುವುದಿಲ್ಲ. ಊರಿನಲ್ಲಿರುವ ಅಜ್ಜನಿಗೆ ಫೋನ್ ಮಾಡಿ, 'ಯಜಮಾನ್ರೇ, ನೀವೇ ಒಂದು ಸಲ ಬಂದು ನೋಡ್ರಿ' ಎಂದು ಕರೆದರೆ ಅವರು ಬರುತ್ತಾರೆ. ಅವರು ಬರುವವರೆಗೆ ತಾಯಿ ಮಗುವಿಗೆ ಹಾಸಿಗೆ ಉಳಿಸಿಕೊಡಿ ಎಂದು ವೈದ್ಯರನ್ನು ಬೇಡುವುದೂ ನನ್ನ ಕೆಲಸವೇ.

5. ತಮ್ಮ ತಂಗಿಯರ ಕಣ್ಣನ್ನೂ ನೋಡಿಸಿ. ಸುಮಾರು ಶೇ 40 ಮಕ್ಕಳಲ್ಲಿ ಇದು ವಂಶವಾಹಿಯಲ್ಲೇ ಇರುತ್ತದೆ.

6. ಒಂಬತ್ತನೇ ತಿಂಗಳ ದಡಾರ–ರುಬೆಲ್ಲಾ ಚುಚ್ಚುಮದ್ದಿಗೆ ಹಳ್ಳಿಯ ಬಹುತೇಕ ಮಕ್ಕಳು ಬರುತ್ತಾರೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಹೋಗುತ್ತವೆ. ಅಲ್ಲೇ ಕೋಣೆ ಕತ್ತಲೆ ಮಾಡಿ, ಆಫ್ತಾಲ್ಮೋಸ್ಕೋಪಿನಿಂದ ಪಾಪೆಯ ಕೆಂಪು ಹೊಳಪು ಸರಿಯಾಗಿದೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಮೊಬೈಲ್ ಫೋಟೊದಲ್ಲಿ ಒಂದು ಕಣ್ಣು ಮಾತ್ರ ಬೆಳ್ಳಗೆ ಕಂಡರೆ, ಅಥವಾ ಕಣ್ಣು ಓರೆಯಾಗಿದ್ದರೆ, ಅದೇ ವಾರ ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದೊಯ್ಯಲು ಹೇಳಬೇಕು. ಹೋದ ಸಲ ಕಲಬುರಗಿ ಕಡೆಯಿಂದ ಬಂದ ಮಗುವನ್ನು ಹೀಗೆ ಕಳಿಸಿದ್ದು ಅಂಗನವಾಡಿ ಟೀಚರು. ಗಡ್ಡೆ ಸಣ್ಣದಿತ್ತು, ಲೇಸರಿಗೆ ಕೀಮೋ ಸೇರಿಸಿ ಕಣ್ಣನ್ನೂ ಉಳಿಸಿಕೊಂಡೆವು.